ಹೆಪ್ಪು ಕರಗಿಸುವ ಚಿಕಿತ್ಸೆ ಹತ್ತಿರದಲ್ಲೇ ಇದೆ, ತಡವಾಗುತ್ತಿರುವುದು ಎಲ್ಲಿ?

ಮಾನ್ಯ ಸಂಪಾದಕರೇ,

ಕಾಲಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕ್ಯಾಥೆಟರ್ ಎಂಬ ಸಪೂರ ಕೊಳವೆಯ ಮೂಲಕ ಔಷಧ ಹಾಯಿಸಿ ಕರಗಿಸುವ ಚಿಕಿತ್ಸೆಯ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಕೊಯ್ಯದೆ, ಹೊಲಿಗೆ ಹಾಕದೆ ಮಾಡುವ ಈ ಚಿಕಿತ್ಸೆಯನ್ನು ಲೇಖನ ಬಾಯ್ತುಂಬ ಹೊಗಳಿದೆ. ಆ ಹೊಗಳಿಕೆಗೆ ನನ್ನ ತಕರಾರಿಲ್ಲ, ಏಕೆಂದರೆ ಅದರ ಗುಣವನ್ನು ನಮ್ಮ ಮನೆಯವರೇ ಉಂಡಿದ್ದಾರೆ. ಆದರೆ ಈ ಚಿಕಿತ್ಸೆಗೊಂದು ಗಡುವಿದೆ ಎಂಬ ಮಾತು ಲೇಖನದಲ್ಲಿ ಎಲ್ಲಿಯೂ ಬಂದಿಲ್ಲ. ಹೆಪ್ಪು ಹೊಸದಾಗಿರುವಾಗ, ಸಾಮಾನ್ಯವಾಗಿ ಮೊದಲ ಎರಡು ವಾರಗಳ ಒಳಗೆ, ಮಾತ್ರ ಔಷಧಕ್ಕೆ ಅದು ಚೆನ್ನಾಗಿ ಕರಗುತ್ತದೆ. ಅನಂತರ ಅದು ನಾಳದ ಗೋಡೆಗೆ ಅಂಟಿಕೊಂಡು ನಾರಿನಂತೆ ಗಟ್ಟಿಯಾಗುತ್ತಾ ಹೋಗುತ್ತದೆ. ಆ ಎರಡು ವಾರಗಳಲ್ಲಿ ಅರ್ಧದಷ್ಟನ್ನು ನಾವು ಮನೆಯಲ್ಲೇ ಹೇಗೆ ಕಳೆದೆವು ಎಂಬುದನ್ನು ಹೇಳಿದರೆ ಬೇರೆಯವರಿಗೆ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂಗಿಯ ಮಗಳಿಗೆ ಚೊಚ್ಚಲ ಹೆರಿಗೆ; ಸಿಸೇರಿಯನ್ ಆಗಿತ್ತು. ಹೆರಿಗೆಯಾಗಿ ಹತ್ತೊಂಬತ್ತನೆಯ ದಿನ ಎಡತೊಡೆಯ ಸಂದಿನಲ್ಲಿ ನೋವೆಂದಳು. ತುಳುವಿನಲ್ಲಿ ಪೆದ್ಮೆದಿ ಎಂದು ಕರೆಯುವ ಬಾಣಂತಿಗೆ ನಮ್ಮ ಕಡೆ ನಡೆಯುವ ಉಪಚಾರ ಓದುಗರಿಗೆ ಗೊತ್ತಿರುವುದೇ. ಮೈಗೆಲ್ಲ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ಬೆಚ್ಚಗೆ ಹೊದೆಸಿ ಮಲಗಿಸುತ್ತಾರೆ. ನೀರು ಹೆಚ್ಚು ಕುಡಿದರೆ ಹೊಟ್ಟೆ ಬರುತ್ತದೆಂದು ಕುಡಿಯುವ ನೀರನ್ನೂ ಅಳೆದು ಕೊಡುತ್ತಾರೆ. ಮೀಯಿಸಲು ಬರುತ್ತಿದ್ದ ಹಿರಿಯ ಹೆಂಗಸು ಇದು ವಾಯು ಎಂದು ಆ ಕಾಲಿಗೆ ಇನ್ನಷ್ಟು ಎಣ್ಣೆ ಹಾಕಿ ಒತ್ತಿ ತಿಕ್ಕಿದರು. ಆಕೆಯನ್ನು ದೂರುವುದಿಲ್ಲ, ಮನೆಯಲ್ಲಿ ಇದ್ದ ನಾವೆಲ್ಲರೂ, ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನೂ ಸೇರಿ, ನೋಡುತ್ತಲೇ ನಿಂತಿದ್ದೆವು. ಎರಡು ದಿನದಲ್ಲಿ ತೊಡೆಯಿಂದ ಪಾದದವರೆಗೆ ಇಡೀ ಕಾಲು ಬಾತುಕೊಂಡು, ಚರ್ಮ ಬಿಗಿದು ನುಣುಪಾಗಿ ಹೊಳೆಯತೊಡಗಿತು. ‘ಮಾವ, ಇದು ನನ್ನ ಕಾಲೇ ಅಲ್ಲ ಅನಿಸ್ತದೆ, ಎತ್ತಿ ಇಡ್ಲಿಕ್ಕೆ ಆಗುದಿಲ್ಲ’ ಎಂದಳು. ಸಮೀಪದ ಕ್ಲಿನಿಕ್ಕಿನಲ್ಲಿ ತೋರಿಸಿದಾಗ ‘ನರ ಎಳೆದಿದೆ’ ಎಂದು ನೋವಿನ ಮಾತ್ರೆ, ಹಚ್ಚಲು ಮುಲಾಮು ಕೊಟ್ಟು ಕಳುಹಿಸಿದರು.

ಈ ‘ನರ’ ಎಂಬ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಆಡುಮಾತಿನಲ್ಲಿ ಸಂವೇದನೆ ಒಯ್ಯುವ ತಂತುವೂ ನರ, ರಕ್ತ ಹರಿಯುವ ನಾಳವೂ ನರ, ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯೂ ನರ. ನರ ಹಿಡಿಯುತ್ತದೆ, ನರ ಎಳೆಯುತ್ತದೆ, ನರ ಉಬ್ಬುತ್ತದೆ, ಮತ್ತು ಎಲ್ಲಕ್ಕೂ ಮದ್ದು ತಿಕ್ಕುವುದು. ಹೃದಯದ ಕಡೆಗೆ ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗೆ ಜನ ಬಳಸುವ ಬೇರೆ ಪದವೇ ಇಲ್ಲದಿರುವಾಗ, ಅದರಲ್ಲಿ ರಕ್ತ ಹೆಪ್ಪುಗಟ್ಟಬಹುದೆಂಬ ಯೋಚನೆ ಬರುವುದಾದರೂ ಹೇಗೆ? ಜೊತೆಗೆ ನಮ್ಮ ಕರಾವಳಿಯಲ್ಲಿ ಕಾಲು ಬಾತರೆ ಹಿಂದಿನಿಂದಲೂ ಆನೆಕಾಲು ರೋಗವೇ ಎಂಬ ಗುಮಾನಿ ಬೇರೆ. ನೆರೆಮನೆಯವರೊಬ್ಬರು ರಾತ್ರಿ ಹೊತ್ತು ರಕ್ತ ತೆಗೆಸಿ ಪರೀಕ್ಷೆ ಮಾಡಿಸಿ ಎಂದೂ ಸಲಹೆ ಕೊಟ್ಟರು. ಆನೆಕಾಲು ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುವ ಊತ; ಎರಡು ದಿನದಲ್ಲಿ ಒಂದೇ ಕಾಲು ಹೀಗೆ ಬಾತುಕೊಳ್ಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊನೆಗೆ ರಕ್ತನಾಳವನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಆದದ್ದು ನೋವು ಶುರುವಾದ ಏಳನೆಯ ದಿನ. ನಡುವೆ ಒಂದು ಭಾನುವಾರ ಬಂದಿತ್ತು, ಶನಿವಾರ ಸ್ಕ್ಯಾನಿಂಗ್ ವೈದ್ಯರು ಬಂದಿರಲಿಲ್ಲ. ಸ್ಕ್ಯಾನ್ ಎಂದರೆ ಏನೋ ದೊಡ್ಡದೆಂದು ಭಾವಿಸಿದ್ದೆ. ವೈದ್ಯೆ ತೊಡೆಯ ಸಂದಿನ ಮೇಲೆ ಜೆಲ್ ಹಚ್ಚಿ, ಉಪಕರಣದ ತುದಿಯಿಂದ ಮೆಲ್ಲನೆ ಒತ್ತಿದರು. ಬಲಗಾಲಿನಲ್ಲಿ ಒತ್ತಿದಾಗ ಪರದೆಯ ಮೇಲಿನ ಕಪ್ಪು ವೃತ್ತ ಚಪ್ಪಟೆಯಾಗಿ ಮಾಯವಾಯಿತು, ಕೈ ಸಡಿಲಿಸಿದಾಗ ಮತ್ತೆ ಬಂತು. ಎಡಗಾಲಿನಲ್ಲಿ ಎಷ್ಟು ಒತ್ತಿದರೂ ಆ ವೃತ್ತ ಹಾಗೆಯೇ ನಿಂತಿತ್ತು. ಖಾಲಿ ಸೈಕಲ್ ಟ್ಯೂಬು ಒತ್ತಿದರೆ ಚಪ್ಪಟೆಯಾಗುತ್ತದೆ, ಒಳಗೆ ಮಣ್ಣು ತುಂಬಿದ್ದರೆ ಆಗುವುದಿಲ್ಲ. ಪರೀಕ್ಷೆಯ ತಿರುಳು ಅಷ್ಟೇ. ಐದಾರು ನಿಮಿಷದಲ್ಲಿ ಉತ್ತರ ಸಿಕ್ಕಿತು. ಆ ಐದಾರು ನಿಮಿಷಕ್ಕಾಗಿ ನಾವು ಏಳು ದಿನ ಕಾದಿದ್ದೆವು.

ಅದೇ ಸಂಜೆ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿನ ವೈದ್ಯರು ಮೊದಲು ಕೇಳಿದ್ದು, ‘ಮಾಷ್ಟ್ರೇ, ಕಾಲು ತಿಕ್ಕಿದ್ದೀರಾ?’ ಎಂದು. ಹೌದೆಂದಾಗ ಅವರು ಮಾತಾಡದೆ ಸ್ಟೆಥಸ್ಕೋಪನ್ನು ಅವಳ ಬೆನ್ನಿಗಿಟ್ಟು ಹೊತ್ತು ಹಿಡಿದು ಆಲಿಸಿದರು. ಏಕೆಂಬುದು ಆಮೇಲೆ ತಿಳಿಯಿತು. ಕಾಲಿನ ಹೆಪ್ಪು ತುಂಡಾಗಿ ಕಿತ್ತು ಬಂದರೆ ಅದು ಹೃದಯದ ಬಲಭಾಗವನ್ನು ಹಾದು ನೇರ ಶ್ವಾಸಕೋಶದ ನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ತುಂಡಾದರೆ ನಿಮಿಷಗಳಲ್ಲಿ ಜೀವ ಹೋಗಬಹುದು. ಬಾಣಂತಿಯೊಬ್ಬಳು ಬಚ್ಚಲಿಗೆ ಹೋದವಳು ಉಸಿರು ಕಟ್ಟಿ ಅಲ್ಲೇ ಕುಸಿದಳೆಂಬ ಕಥೆಗಳನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದೆವಲ್ಲ, ಅವುಗಳಲ್ಲಿ ಕೆಲವಾದರೂ ಇದೇ ಇದ್ದಿರಬೇಕೆಂದು ಈಗ ಅನಿಸುತ್ತದೆ. ನಮ್ಮ ಹುಡುಗಿಯ ಅದೃಷ್ಟ, ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸಕೋಶ ಸ್ವಚ್ಛವಾಗಿತ್ತು.

ಎಡಗಾಲೇ ಏಕೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ನನ್ನೊಳಗಿನ ಮೇಷ್ಟ್ರಿಗೆ ಬಹಳ ಹಿಡಿಸಿತು. ಹೃದಯದಿಂದ ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿ, ಎಡಗಾಲಿನಿಂದ ಬರುವ ಅಭಿಧಮನಿಯ ಮೇಲಿನಿಂದ ಅಡ್ಡ ಹಾದುಹೋಗುತ್ತದೆ. ಹಿಂದೆ ಬೆನ್ನೆಲುಬು, ಮುಂದೆ ಮಿಡಿಯುವ ಅಪಧಮನಿ, ನಡುವೆ ಸಿಕ್ಕ ಆ ನಾಳ ಕೆಲವರಲ್ಲಿ ಒತ್ತಿ ಹೋಗಿರುತ್ತದೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಅವರ ಹೆಸರೇ ಅದಕ್ಕೆ ನಿಂತಿದೆ. ಇದರ ಮೇಲೆ ಬಸುರಿನ ಭಾರ, ಹೆರಿಗೆಯಲ್ಲಿ ರಕ್ತಸ್ರಾವವಾಗದಿರಲೆಂದು ಪ್ರಕೃತಿಯೇ ಹೆಚ್ಚಿಸಿಟ್ಟ ಹೆಪ್ಪುಗಟ್ಟುವ ಗುಣ, ಶಸ್ತ್ರಚಿಕಿತ್ಸೆ, ಹಾಸಿಗೆಯಲ್ಲಿ ಕದಲದೆ ಮಲಗುವುದು, ನೀರು ಕಡಿಮೆ. ರಕ್ತ ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದ ಗುಣವೇ ಬದಲಾಗುವುದು ಎಂದು ವೈದ್ಯಶಾಸ್ತ್ರ ಹೇಳುವ ಕಾರಣಗಳೆಲ್ಲ ನಮ್ಮ ಬಾಣಂತಿ ಕೋಣೆಯೊಂದರಲ್ಲೇ ಕೂಡಿಬಂದಿದ್ದವು. ಹೆರಿಗೆಯ ನಂತರದ ಆರು ವಾರಗಳಲ್ಲಿ ಈ ಅಪಾಯ ಬಸುರಿನ ಕಾಲಕ್ಕಿಂತಲೂ ಹೆಚ್ಚು. ನಮ್ಮ ಬಾಣಂತನದ ನಲವತ್ತು ದಿನಗಳೂ ಹೆಚ್ಚುಕಡಿಮೆ ಅಷ್ಟೇ.

ಚಿಕಿತ್ಸೆಯ ವಿಚಾರಕ್ಕೆ ಬರುತ್ತೇನೆ. ಹೆಪ್ಪು ಹೊಟ್ಟೆಯೊಳಗಿನ ದೊಡ್ಡ ನಾಳದವರೆಗೂ ಹಬ್ಬಿದ್ದರಿಂದ, ವಯಸ್ಸು ಚಿಕ್ಕದಾದ್ದರಿಂದ, ಸಿಸೇರಿಯನ್ ಆಗಿ ಮೂರು ವಾರ ದಾಟಿದ್ದರಿಂದ ಕ್ಯಾಥೆಟರ್ ಚಿಕಿತ್ಸೆ ಮಾಡಬಹುದೆಂದು ಪ್ರಸೂತಿ ತಜ್ಞರನ್ನೂ ಕರೆಸಿ ಮಾತಾಡಿ ತೀರ್ಮಾನಿಸಿದರು. ಕ್ಯಾಥೆಟರ್ ಹಾಕುವ ಕೋಣೆಯಾದ ಕ್ಯಾತ್‌ಲ್ಯಾಬಿನಲ್ಲಿ ಅವಳನ್ನು ಬೋರಲು ಮಲಗಿಸಿ, ಮೊಣಕಾಲಿನ ಹಿಂಭಾಗದಲ್ಲಿ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಸ್ಕ್ಯಾನ್ ನೋಡುತ್ತಲೇ ಅಲ್ಲಿನ ಅಭಿಧಮನಿಗೆ ಸೂಜಿ ಹಾಕಿ, ಸೂಜಿಯ ಜಾಡಿನಲ್ಲಿ ತಂತಿಯನ್ನೂ ತಂತಿಯ ಮೇಲೆ ಕೊಳವೆಯನ್ನೂ ಹೆಪ್ಪಿನ ಒಳಕ್ಕೇ ನೂಕಿದರಂತೆ. ಕೊಳವೆಯ ಮಾದರಿಯೊಂದನ್ನು ವೈದ್ಯರು ನಮಗೆ ತೋರಿಸಿದಾಗ, ಕಾರ್ಕಳದ ಕಡೆ ಅಡಿಕೆ ತೋಟವಿರುವ ನನ್ನ ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ನಮ್ಮ ಡ್ರಿಪ್ ಪೈಪೇ’ ಎಂದರು. ನಿಜಕ್ಕೂ ಅದೇ ತತ್ವ. ಕೊನೆಯ ಗೇಣುದ್ದಕ್ಕೆ ಸೂಜಿಮೊನೆಯಂಥ ತೂತುಗಳು. ಔಷಧ ಆ ತೂತುಗಳಿಂದ ತೊಟ್ಟುತೊಟ್ಟಾಗಿ ಹೆಪ್ಪಿನ ಉದ್ದಕ್ಕೂ ಇಳಿಯುತ್ತದೆ. ಇಡೀ ತೋಟಕ್ಕೆ ನೀರು ಹಾಯಿಸುವ ಬದಲು ಬುಡಕ್ಕೆ ಮಾತ್ರ ಕೊಟ್ಟಂತೆ. ಶ್ವಾಸಕೋಶದ ದೊಡ್ಡ ಹೆಪ್ಪಿಗೆ ಕೈಯ ನಾಳದಿಂದ ಆಲ್ಟೆಪ್ಲೇಸ್ ಎಂಬ ಕರಗಿಸುವ ಔಷಧ ಕೊಡುವಾಗ ಎರಡು ಗಂಟೆಯಲ್ಲಿ 100 ಮಿಲಿಗ್ರಾಂ ಹೋಗುತ್ತದೆ. ಕ್ಯಾಥೆಟರಿನಲ್ಲಾದರೆ ಗಂಟೆಗೆ ಒಂದು ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಸಾಕಾಗುತ್ತದೆ.

‘ಹೊಲಿಗೆಯಿಲ್ಲ’ ಎಂಬುದು ನಿಜವಾದರೂ ಆ ರಾತ್ರಿ ಸುಲಭದ್ದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಐಸಿಯುವಿನಲ್ಲಿ ಕಾಲು ಮಡಿಸುವ ಹಾಗಿಲ್ಲ. ಕೆಲವು ಗಂಟೆಗೊಮ್ಮೆ ರಕ್ತ ತೆಗೆದು, ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಅಂಶ ತೀರ ಇಳಿದಿಲ್ಲವೆಂದು ನೋಡುತ್ತಿದ್ದರು. ಸಿಸ್ಟರ್ ಟಾರ್ಚು ಹಿಡಿದು ಒಸಡು, ಸಿಸೇರಿಯನ್ ಹೊಲಿಗೆಯ ಜಾಗ, ಮೂತ್ರದ ಬಣ್ಣ ಎಲ್ಲವನ್ನೂ ನೋಡಿ ಬರೆದುಕೊಳ್ಳುತ್ತಿದ್ದರು, ತಲೆನೋವಿದೆಯೇ ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಹೆಪ್ಪು ಕರಗಿಸುವ ಔಷಧಕ್ಕೆ ಒಳ್ಳೆಯ ಹೆಪ್ಪು, ಕೆಟ್ಟ ಹೆಪ್ಪು ಎಂಬ ಭೇದ ತಿಳಿಯದು. ಮೆದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಚಿಕ್ಕದಾದರೂ ಇದ್ದೇ ಇದೆ. ತೊಡೆ ಮತ್ತು ಮೀನಖಂಡದ ಮೇಲೆ ಪೆನ್ನಿನಲ್ಲಿ ಎರಡು ಗೆರೆ ಹಾಕಿದ್ದರು, ಟೇಪು ಸುತ್ತಿ ಅಳೆಯುವುದು ಅದೇ ಗೆರೆಯ ಮೇಲೆ. ಮರುದಿನ ಮಧ್ಯಾಹ್ನ ಮತ್ತೆ ಬಣ್ಣದ ದ್ರವ ಬಿಟ್ಟು ನೋಡಿದಾಗ ನಾಳ ಬಹುತೇಕ ತೆರೆದಿತ್ತು. ಅಪಧಮನಿ ಒತ್ತಿದ್ದ ಜಾಗ ಮಾತ್ರ ಕಿರಿದಾಗಿಯೇ ಉಳಿದಿದ್ದರಿಂದ ಅಲ್ಲಿ ನಾಳವನ್ನು ತೆರೆದಿಡುವ ಸ್ಟೆಂಟ್ ಎಂಬ ಜಾಲರಿ ಕೊಳವೆ ಇಟ್ಟರು. ಸಂಜೆ ಟೇಪು ಹಿಡಿದಾಗ ತೊಡೆಯ ಅಳತೆ ನಾಲ್ಕು ಸೆಂಟಿಮೀಟರ್ ಇಳಿದಿತ್ತು. ಐದನೆಯ ದಿನ ಅವಳು ತಾನೇ ನಡೆದು ಕಾರು ಹತ್ತಿದಳು.

ಲೇಖನದಲ್ಲಿ ಇದನ್ನು ‘ಇತ್ತೀಚಿನ ಆವಿಷ್ಕಾರ’ ಎಂದಿರುವುದು ಅಷ್ಟು ಸರಿಯಲ್ಲ. ಅಮೆರಿಕದ ಚಾರ್ಲ್ಸ್ ಡಾಟರ್ ಮತ್ತು ಸಂಗಡಿಗರು ಕ್ಯಾಥೆಟರ್ ಮೂಲಕ ಕಡಿಮೆ ಪ್ರಮಾಣದ ಸ್ಟ್ರೆಪ್ಟೋಕೈನೇಸ್ ಬಿಟ್ಟು ಹೆಪ್ಪು ಕರಗಿಸಿದ್ದನ್ನು ಪ್ರಕಟಿಸಿದ್ದು 1974ರಲ್ಲಿ. ನಾನಾಗ ಇನ್ನೂ ಹೈಸ್ಕೂಲು ಹುಡುಗ. ಹಾಗೆಯೇ ‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ಮಾತೂ ದಾರಿ ತಪ್ಪಿಸುವಂಥದ್ದು. ಹೆಪರಿನ್ ಆಗಲಿ ವಾರ್ಫರಿನ್ ಆಗಲಿ ರಕ್ತವನ್ನು ನೀರಾಗಿಸುವುದಿಲ್ಲ, ಇರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಇನ್ನಷ್ಟು ಬೆಳೆಯದಂತೆ ತಡೆಯುತ್ತವೆ, ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಿಕೊಳ್ಳಬೇಕು. ಮಾತ್ರೆ ತೆಳು ಮಾಡುತ್ತದೆಂದು ನಂಬಿದವರು ಊತ ಇಳಿದೊಡನೆ ‘ರಕ್ತ ತೆಳುವಾಯಿತು’ ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ನಮ್ಮ ಹುಡುಗಿ ಕ್ಯಾಥೆಟರ್ ಚಿಕಿತ್ಸೆಯ ನಂತರವೂ ತಿಂಗಳುಗಟ್ಟಲೆ ವಾರ್ಫರಿನ್ ತೆಗೆದುಕೊಂಡಳು, ರಕ್ತ ಪರೀಕ್ಷೆಗೆ ತಪ್ಪದೆ ಹೋದಳು. ಮಗುವಿಗೆ ಹಾಲೂಡಿಸುತ್ತಲೇ ಆ ಮಾತ್ರೆ ತೆಗೆದುಕೊಳ್ಳಬಹುದೆಂದು ವೈದ್ಯರು ಹೇಳಿದಾಗ ಅತಿ ಹೆಚ್ಚು ನಿರಾಳವಾದವರು ಅವಳ ಅತ್ತೆ.

ಇಷ್ಟು ಹೇಳಿದ ಮೇಲೆ, ಹೆದ್ದಾರಿ 66ರ ಬದಿಯ ಫಲಕಗಳಲ್ಲಿ ಕಾಣುವ ‘ಗಾಯವಿಲ್ಲ, ನೋವಿಲ್ಲ’ ಎಂಬ ಭರವಸೆಯ ಬಗ್ಗೆ ನನ್ನ ಹಿಂಜರಿಕೆಯನ್ನೂ ದಾಖಲಿಸುತ್ತೇನೆ. ಕಾಲಿನಲ್ಲಿ ಹೆಪ್ಪು ಕಂಡವರಿಗೆಲ್ಲ ಈ ಚಿಕಿತ್ಸೆ ಬೇಕಾಗಿಲ್ಲ. ಬಹುಪಾಲು ಜನರಿಗೆ ಚುಚ್ಚುಮದ್ದು, ಮಾತ್ರೆಗಳೇ ಸಾಕು. 692 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಅಟ್ರಾಕ್ಟ್’ ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ಕಾಲಿನ ದೀರ್ಘಕಾಲದ ತೊಂದರೆ ಕಾಣಿಸಿಕೊಂಡದ್ದು ಕ್ಯಾಥೆಟರ್ ಚಿಕಿತ್ಸೆ ಪಡೆದವರಲ್ಲಿ ಶೇ 47 ಮಂದಿಗೆ, ಬರೀ ಔಷಧ ಪಡೆದವರಲ್ಲಿ ಶೇ 48 ಮಂದಿಗೆ. ಅಂದರೆ ವ್ಯತ್ಯಾಸವೇ ಇಲ್ಲ. ಮೊದಲ ಹತ್ತು ದಿನಗಳ ದೊಡ್ಡ ರಕ್ತಸ್ರಾವ ಮಾತ್ರ ಕ್ರಮವಾಗಿ ಶೇ 1.7 ಮತ್ತು 0.3. ಆದರೆ ತೊಂದರೆಯ ತೀವ್ರತೆಯನ್ನು ನೋಡಿದರೆ ಚಿತ್ರ ಬೇರೆ: ಮಧ್ಯಮದಿಂದ ತೀವ್ರ ಮಟ್ಟದ ಬಾಧೆ ಬರೀ ಔಷಧ ಪಡೆದವರಲ್ಲಿ ಶೇ 24 ಇದ್ದದ್ದು ಕ್ಯಾಥೆಟರ್ ಚಿಕಿತ್ಸೆ ಪಡೆದವರಲ್ಲಿ ಶೇ 18 ಇತ್ತು. ಇದಕ್ಕೆ ಐದು ವರ್ಷ ಮೊದಲು ನಾರ್ವೆಯಿಂದ ಬಂದಿದ್ದ ‘ಕಾವೆಂಟ್’ ಅಧ್ಯಯನವೂ ಕ್ಯಾಥೆಟರಿನ ಪರವಾಗಿಯೇ ಇತ್ತು. ಹೆಪ್ಪು ತೊಡೆಯಿಂದ ಮೇಲಕ್ಕೆ ಹೊಟ್ಟೆಯ ನಾಳದವರೆಗೆ ಹಬ್ಬಿರುವ, ಹೊಸದಾಗಿರುವ, ರಕ್ತಸ್ರಾವದ ಭಯ ಕಡಿಮೆ ಇರುವ, ಮುಂದೆ ದಶಕಗಳ ಕಾಲ ಆ ಕಾಲನ್ನು ಊರಿ ಬದುಕಬೇಕಾದ ರೋಗಿಗೆ ಇದು ವರ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮೀನಖಂಡದಲ್ಲಿ ಮಾತ್ರ ಸಣ್ಣ ಹೆಪ್ಪಿರುವ ಎಪ್ಪತ್ತೈದರ ಅಜ್ಜಿಗೆ ಇದನ್ನು ಮಾಡಿಸಿ ಎಂದು ಯಾರಾದರೂ ಹೇಳಿದರೆ, ಇನ್ನೊಬ್ಬ ವೈದ್ಯರನ್ನು ಕೇಳುವುದು ಒಳ್ಳೆಯದು.

ಶ್ವಾಸಕೋಶದ ಹೆಪ್ಪಿನ ಲೆಕ್ಕವೇ ಬೇರೆ. ರಕ್ತದೊತ್ತಡ ಕುಸಿದವರಿಗೆ ಕೈಯ ನಾಳದಿಂದ ಪೂರ್ಣ ಪ್ರಮಾಣದ ಔಷಧ ಕೊಟ್ಟೇ ಜೀವ ಉಳಿಸಬೇಕಾಗುತ್ತದೆ. ಒತ್ತಡ ಸರಿಯಿದ್ದು ಹೃದಯದ ಬಲಭಾಗ ಮಾತ್ರ ದಣಿದವರಿಗೆ ಹಾಗೆ ಕೊಟ್ಟು ನೋಡಿದ, ಸಾವಿರದಷ್ಟು ರೋಗಿಗಳ 2014ರ ಯುರೋಪಿನ ಅಧ್ಯಯನದಲ್ಲಿ, ಮೆದುಳಿನ ರಕ್ತಸ್ರಾವ ಶೇ 0.2ರಿಂದ 2ಕ್ಕೆ ಏರಿತ್ತು. ಇಂಥವರಿಗಾಗಿಯೇ ಕ್ಯಾಥೆಟರ್ ಮೂಲಕ ಸಣ್ಣ ಪ್ರಮಾಣದಲ್ಲಿ ಕರಗಿಸುವ, ಇಲ್ಲವೇ ಹೆಪ್ಪನ್ನು ಹೀರಿ ತೆಗೆಯುವ ವಿಧಾನಗಳು ಬಂದಿರುವುದು.

ನನ್ನ ಮುಖ್ಯ ಅಹವಾಲು ಇನ್ನು ಮುಂದಿನದು. ಮಂಗಳೂರಿನಲ್ಲಿ, ಉಡುಪಿ-ಮಣಿಪಾಲದಲ್ಲಿ ಆಸ್ಪತ್ರೆಗಳಿಗೆ, ತಜ್ಞರಿಗೆ ಕೊರತೆಯಿಲ್ಲ. 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಘಟ್ಟದ ಮೇಲಿನವರೂ ಕಾಸರಗೋಡಿನವರೂ ಚಿಕಿತ್ಸೆಗೆ ಇಲ್ಲಿಗೆ ಬರುತ್ತಿದ್ದಾರೆ. ತಡವಾಗುತ್ತಿರುವುದು ಕ್ಯಾತ್‌ಲ್ಯಾಬಿನ ಬಾಗಿಲಲ್ಲಿ ಅಲ್ಲ, ಅದಕ್ಕೂ ಮೊದಲು, ಬಾತ ಕಾಲಿಗೆ ಅಂದೇ ಸ್ಕ್ಯಾನ್ ಸಿಗದ ಜಾಗದಲ್ಲಿ. ಬೈಂದೂರಿನಿಂದ ಮಂಗಳೂರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಕಾಲು ಬಾತಿದೆಯೆಂಬ ಒಂದೇ ಗುಮಾನಿಯ ಮೇಲೆ ಬಾಣಂತಿಯನ್ನು ಅಷ್ಟು ದೂರ ಕರೆತನ್ನಿ ಎಂದರೆ ಯಾರೂ ತರುವುದಿಲ್ಲ. ಎದೆನೋವಿನ ವಿಷಯದಲ್ಲಿ ನಮ್ಮ ಸರ್ಕಾರವೇ ದಾರಿ ತೋರಿಸಿದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಹೃದಯದ ಹೆಪ್ಪಿಗೆ ಹಾಕಿದ ಈ ಜಾಲದಲ್ಲೇ ಕಾಲಿನ ಹೆಪ್ಪನ್ನೂ ಸೇರಿಸಿಕೊಳ್ಳಬಹುದಲ್ಲವೇ? ಕರಗಿಸುವ ಚುಚ್ಚುಮದ್ದು ಅಲ್ಲೇ ಕೊಡಬೇಕಾಗಿಲ್ಲ. ಒಂದು ಸ್ಕ್ಯಾನ್, ಒಂದು ಡೋಸ್ ಹೆಪರಿನ್, ಒಂದು ಫೋನ್ ಕರೆ ಆದರೆ ಸಾಕು.

ಸ್ಕ್ಯಾನಿಗೆ ಅಡ್ಡಿ ಯಂತ್ರದ್ದಷ್ಟೇ ಅಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಮಾಡಿದ ಕಾನೂನಿನಂತೆ ಪ್ರತಿ ಅಲ್ಟ್ರಾಸೌಂಡ್ ಯಂತ್ರವೂ ನೋಂದಣಿಯಾಗಬೇಕು, ಅರ್ಹತೆ ಪಡೆದವರೇ ಅದನ್ನು ಬಳಸಬೇಕು, ಬೇಕಾದಲ್ಲಿಗೆ ಒಯ್ಯುವಂತಿಲ್ಲ. ಕಾನೂನಿನ ಉದ್ದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಹೆಣ್ಣುಮಕ್ಕಳನ್ನು ಉಳಿಸಲು ಬಂದ ಕಾನೂನದು. ಆದರೆ ತುರ್ತು ಘಟಕದ ವೈದ್ಯರಿಗೆ ಕಾಲಿನ ನಾಳ ಒತ್ತಿ ನೋಡುವ ತರಬೇತಿ ಕೊಟ್ಟು, ಆ ಘಟಕದಲ್ಲೇ ಯಂತ್ರವೊಂದನ್ನು ನೋಂದಾಯಿಸಿಡುವುದು ಕಾನೂನಿನ ಚೌಕಟ್ಟಿನೊಳಗೇ ಸಾಧ್ಯವೇ ಎಂದು ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಪರಿಶೀಲಿಸಬೇಕು. ಹಾಗೆಯೇ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆಯಷ್ಟೆ. ಈ ಕ್ಯಾಥೆಟರ್ ಚಿಕಿತ್ಸೆ, ಔಷಧ, ಸ್ಟೆಂಟ್‌ಗಳಲ್ಲಿ ಯಾವುದೆಲ್ಲ ಅದರಡಿ ಬರುತ್ತದೆ ಎಂಬುದನ್ನು ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರ ಕೌಂಟರಿನಲ್ಲಿ ಕನ್ನಡದಲ್ಲಿ ಬರೆದು ಹಾಕಲಿ. ನಮ್ಮ ಪಕ್ಕದ ಹಾಸಿಗೆಯ, ಬೀಡಿ ಕಟ್ಟಿ ಸಂಸಾರ ಸಾಗಿಸುವ ಹೆಂಗಸಿನ ಗಂಡ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಮೂರು ಮಹಡಿ ಹತ್ತಿಳಿದದ್ದನ್ನು ನಾನು ಕಂಡಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಏಳದೆ ಕೂರುವ ಅಂಥವರ ಕಾಲುಗಳ ಬಗ್ಗೆ, ಸೊಂಟ ಮುರಿದು ಮಲಗಿದ ಹಿರಿಯರ ಬಗ್ಗೆ, ಮುಂಬಯಿ ಬಸ್ಸಿನಲ್ಲಿ ರಾತ್ರಿಯಿಡೀ ಕಾಲು ಇಳಿಬಿಟ್ಟು ಕೂರುವವರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.

ಪತ್ರಿಕೆಗೂ ಒಂದು ವಿನಂತಿ. ಹೆಪ್ಪುಗಟ್ಟುವಿಕೆಯ ಕಾರಣಗಳನ್ನು ಬಿಡಿಸಿಟ್ಟ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಅವರ ಜನ್ಮದಿನವಾದ ಅಕ್ಟೋಬರ್ 13ನ್ನು ಜಗತ್ತಿನಾದ್ಯಂತ ಥ್ರಾಂಬೋಸಿಸ್ (ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು) ದಿನವೆಂದು ಆಚರಿಸುತ್ತಾರೆ. ಅಂದಿನ ಆರೋಗ್ಯ ಪುಟದಲ್ಲಿ ಯಂತ್ರಗಳ ಚಿತ್ರದ ಬದಲು ದರ್ಜಿಯ ಟೇಪು ಸುತ್ತಿದ ಎರಡು ಕಾಲುಗಳ ಚಿತ್ರ ಹಾಕಿ. ಮೊಣಕಾಲ ಚಿಪ್ಪಿನ ಕೆಳಗಿನ ಎಲುಬಿನ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಎರಡೂ ಮೀನಖಂಡಗಳನ್ನು ಅಳೆದಾಗ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರು ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ, ಅಂಥ ಕಾಲನ್ನು ತಿಕ್ಕಬಾರದು, ವ್ಯತ್ಯಾಸ ಕಡಿಮೆಯಿದ್ದರೂ ಒಂದೇ ಕಾಲು ಬಾತು ನೋಯುತ್ತಿದ್ದರೆ ಅಂದೇ ತೋರಿಸಬೇಕು ಎಂದು ಚಿತ್ರದ ಕೆಳಗೆ ದಪ್ಪಕ್ಷರದಲ್ಲಿ ಬರೆಯಿರಿ. ಬಾಣಂತಿಯರನ್ನು ಮೀಯಿಸುವ ಹೆಂಗಸರ ಕಿವಿಗೆ ಇದನ್ನು ಓದಿ ಹೇಳುವ ಮೊಮ್ಮಕ್ಕಳು ಎಲ್ಲ ಮನೆಗಳಲ್ಲೂ ಇದ್ದಾರೆ. ನಮ್ಮ ಮನೆಗೆ ಬರುವವರಿಗೆ ನಾನೇ ಹೇಳಿಯಾಗಿದೆ. ಅವರು ಕೇಳಿದ್ದು ಒಂದೇ, ‘ಹಾಗಾದ್ರೆ ಇನ್ನೊಂದು ಕಾಲು ತಿಕ್ಕಬಹುದಲ್ಲ?’

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಉಡುಪಿ ಜಿಲ್ಲೆ